ಬೈಗುಳದಲ್ಲಿ ತೊಳೆದ ಫಿಲಂ

ಸಾಯುವ ಹಿಂದಿನ ದಿನ ಮುಕಾಶ್ ಮಾಡಿದ್ದು ಎಂದಿನ ಕೆಲಸವೇ. ಹೆಂಡತಿಯ ಕೆಲಸಕ್ಕೆ ಅಡ್ಡ ಬರುವುದು.

ಕೆಂಜೆ ಅಂಗಳದಲ್ಲಿ ಒಲೆ ಹೂಡಿ ಸೇಬಿನ ಜಾಮ್ ಕುದಿಸುತ್ತಿದ್ದಳು. ಜಾಮ್ ಇಟ್ಟ ಮೇಲೆ ಸೌಟು ಕೈ ಬಿಡುವಂತಿಲ್ಲ, ಬಿಟ್ಟರೆ ತಳ ಹಿಡಿಯುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಅವನು ಕ್ಯಾಮೆರಾ ಹೊತ್ತುಕೊಂಡು ಹೊರಗೆ ಬಂದ. ಜೇಬಿಗೆ ಹೋಗುವ ಕ್ಯಾಮೆರಾ ಅಲ್ಲ ಅದು. ಕೋಳಿಗೂಡಿನಷ್ಟು ದೊಡ್ಡ ಮರದ ಪೆಟ್ಟಿಗೆ, ನಡುವೆ ಹಾರ್ಮೋನಿಯಂ ತರಹ ಚರ್ಮದ ಮಡಿಕೆ, ಕೆಳಗೆ ಮೂರು ಕಾಲು. ನಿಲ್ಲಿಸಿದರೆ ಮನೆಗೆ ಇನ್ನೊಬ್ಬ ನೆಂಟ ಬಂದ ಹಾಗೆ ಕಾಣುತ್ತಿತ್ತು. ಊಟ ಕೇಳುತ್ತಿರಲಿಲ್ಲ, ಅಷ್ಟೇ.

"ಮುದುಕಿ, ಒಂದೇ ಒಂದು ಹಾಳೆ ಉಳಿದಿದೆ," ಅಂದ.

"ಯಾವುದರದು?"

"ಫಿಲಂದು. ಡಬ್ಬದಲ್ಲಿ ಇದೇ ಕೊನೇದು. ಇನ್ನು ಎಲ್ಲೂ ಸಿಗಲ್ಲ."

"ಅಲ್ಲಾಹು ಕೊನೆಗೂ ನನ್ನ ಮೊರೆ ಕಿವಿಗೆ ಹಾಕ್ಕೊಂಡ."

"ಮೇಲಿನ ಬೀದಿ ಮದುಮಗಳಿಗೆ ಅಂತ ಎತ್ತಿಟ್ಟಿದ್ದೆ. ಅವರು ಫೋನಲ್ಲೇ ತೆಕ್ಕೊಂಡ್ರಂತೆ."

"ಬುದ್ಧಿವಂತರು."

"ಬಾ, ಕೂತ್ಕೋ. ನಿನ್ನದೇ ತೆಗೀತೀನಿ."

"ನಾನು ಕೂತ್ರೆ ಜಾಮ್ ತಿರುಗ್ಸೋಕೆ ನಿಮ್ಮಕ್ಕ ಬರ್ತಾಳಾ? ನೀನೇ ಕೂತ್ಕೋ. ಊರವರ ಮುಖ ಎಲ್ಲ ತೆಗೆದಾಯ್ತು, ನಿಂದೂ ಒಂದಿರ್ಲಿ. ನಾಳೆ ಕೋಳಿ ಕಳುವಾದ್ರೆ ಹೋಲಿಸಿ ನೋಡೋಕಾಗ್ತದೆ."

ಅವನಿಗೆ ಈ ಮಾತು ಹಿಡಿಸಿತು. ಗೋಡೆಯ ನೆರಳಿಗೆ ಕುರ್ಚಿ ಎಳೆದ. ಕುರ್ಚಿಗೆ ಪೊರಕೆ ಒರಗಿಸಿ, ಅದರ ತಲೆಗೆ ತನ್ನ ಬಿಳಿ ಉಣ್ಣೆಯ ಟೋಪಿ ಹಾಕಿದ. ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, ಪೊರಕೆಯನ್ನು ತಾನೆಂದುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಫಿಲಂ ಇದ್ದ ಚಪ್ಪಟೆ ಮರದ ಚೌಕಟ್ಟನ್ನು ಕ್ಯಾಮೆರಾದ ಬೆನ್ನಿಗೆ ಸಿಕ್ಕಿಸಿ, ಪೊರಕೆ ಎಸೆದು, ಟೋಪಿ ಹಾಕಿಕೊಂಡು ಕೂತ.

"ಮುಂದಿನ ಮುಚ್ಚಳ ತೆಗಿ, ಮತ್ತೆ ಹಾಕು. ಅಷ್ಟೇ."

"ಎಷ್ಟು ಹೊತ್ತು?"

ಅವನು ಮೋಡ ನೋಡಿದ. "ಕುದುರೆ ಮಾತಿನಷ್ಟು ಹೊತ್ತು."

ಕೆಂಜೆ ಬಲಗೈಯಲ್ಲಿ ಸೌಟು ಹಿಡಿದುಕೊಂಡೇ ಎಡಗೈಯಲ್ಲಿ ಮುಚ್ಚಳ ತೆಗೆದಳು. "ನಿಮ್ಮಪ್ಪ ಮರಿ ಸಮೇತ ಕುದುರೆ ಮಾರಿ ಮನೆಗೆ ತಂದಿದ್ದೇನು? ಒಂದು ಖಾಲಿ ಪೆಟ್ಟಿಗೆ!" ಅಂದಳು. ಮುಚ್ಚಳ ಹಾಕಿದಳು. ಅವಳ ಕಣ್ಣು ಜಾಮಿನ ಮೇಲಿತ್ತು.

"ಅಲುಗಾಡಿದ್ಯಾ?" ಎಂದು ಕೇಳಿದಳು, ಅವನು ಊರವರನ್ನು ಕೇಳುವ ದನಿಯಲ್ಲೇ.

"ಇಲ್ಲ."

"ಕಣ್ಣು ಮುಚ್ಚಿದ್ಯಾ?"

"ನಾನಾ? ನನ್ನನ್ನೇ ಕೇಳ್ತೀಯಾ?" ಅವನಿಗೆ ಸಿಟ್ಟೇ ಬಂತು.

"ಹಾಗಾದ್ರೆ ಈಗ್ಲೇ ತೊಳೆದು ಮುಗಿಸು."

"ನೀರು ಕಲಕಿದೆ. ಅಕ್ಕನ ಹಸುಗಳು ಕಾಲುವೆ ದಾಟಿವೆ. ಬೆಳಿಗ್ಗೆ ಬೇಗ ಒಂದು ಬಕೆಟ್ ತಾ. ತಿಳಿಯಾದ್ಮೇಲೆ ತೊಳೀತೀನಿ."

ಸಂಜೆ ಜಾಮಿನ ನೊರೆಯನ್ನು ರೊಟ್ಟಿಗೆ ಹಚ್ಚಿಕೊಂಡು ತಿಂದ. ಮೀಸೆಗೂ ಹಚ್ಚಿಕೊಂಡ. ಮಲಗಿದ.

ಬೆಳಿಗ್ಗೆ ಕೆಂಜೆ ಹಸುಗಳು ಬರುವ ಮುಂಚೆ ಕಾಲುವೆಗೆ ಹೋಗಿ ನೀರು ತಂದಳು. ಬಕೆಟ್ ಇಟ್ಟು, "ಏಳು, ನಿನ್ನ ಫಿಲಂ ರಾಣೀರ ಸ್ನಾನಕ್ಕೆ ನೀರು ಬಂತು," ಅಂದಳು. ಅವನು ಏಳಲಿಲ್ಲ. ಹೃದಯ ನಿಂತಿದೆ ಎಂದು ಡಾಕ್ಟರ್ ಹೇಳಿದ. ಅಷ್ಟು ಹೇಳಲು ಬಲಿಕ್ಚಿ ಪಟ್ಟಣದಿಂದ ಕಾರಿನಲ್ಲಿ ಬಂದಿದ್ದ.

ಪದ್ಧತಿಯಂತೆ ಅಂಗಳದಲ್ಲಿ ಡೇರೆ ಎತ್ತಿ ಅವನನ್ನು ಒಳಗೆ ಮಲಗಿಸಿ ಹೆಂಗಸರು ಗೋಡೆಗೆ ಮುಖ ಮಾಡಿ ಅಳುವ ಹೊತ್ತಿಗೆ ಬಕೆಟ್ಟಿನ ಕೆಸರೆಲ್ಲ ತಳ ಸೇರಿ ನೀರು ಗಾಜಿನ ಹಾಗೆ ತಿಳಿಯಾಗಿತ್ತು. ಅಳಲು ಬಂದವರು ಅದರಲ್ಲಿ ಚಹಾ ಕಾಯಿಸಿಕೊಂಡರು. ನೀರು ಚೆನ್ನಾಗಿದೆ ಎಂದರು.

ಕೊಕ್-ಬುಲಾಕ್ ಊರಿನಲ್ಲಿ ಮುಕಾಶನ ಬಗ್ಗೆ ಯಾರನ್ನು ಕೇಳಿದರೂ ಒಳ್ಳೆಯವನು ಎನ್ನುತ್ತಾರೆ. ಅವರಿಗೇನು, ಅವರು ಅವನ ಜೊತೆ ಬಾಳಲಿಲ್ಲ.

ಕೆಂಜೆಯನ್ನು ಹೆಣ್ಣು ಕೇಳಲು ಬಂದಾಗ ಈ ಮನೆಯವರು ಕುದುರೆ ತೋರಿಸಿದ್ದರು. ಬೂದು ಬಣ್ಣದ ಹೆಣ್ಣು ಕುದುರೆ, ಪಕ್ಕದಲ್ಲಿ ಮರಿ. ಕುದುರೆ ಹಾಲಿಗೆ ಬರವಿಲ್ಲದ ಮನೆ ಎಂದು ಕೆಂಜೆಯ ಅಪ್ಪ ಒಪ್ಪಿದ. ಮದುವೆಯಾಗಿ ಬಂದು ನೋಡಿದರೆ ಕುದುರೆ ಇಲ್ಲ. ಪಟ್ಟಣದಲ್ಲಿ ಸ್ಟುಡಿಯೋ ಮುಚ್ಚಿ ಹೊರಟವನೊಬ್ಬನಿಗೆ ಮಾವ ಅದನ್ನು ಕೊಟ್ಟು, ಮಗನಿಗೆ ಕ್ಯಾಮೆರಾ ತಂದಿದ್ದ. ಕುದುರೆ ಕಟ್ಟುತ್ತಿದ್ದ ಗೂಟಕ್ಕೆ ಮುಕಾಶ್ ಕಪ್ಪು ಬಟ್ಟೆ ಒಣಹಾಕಿದ್ದ.

ಹೊಟ್ಟೆಪಾಡಿಗೆ ಅವನು ಡೇರಿಯ ಕಾವಲುಗಾರ. ಡೇರಿಯನ್ನು ಯಾರು ಕಾಯುತ್ತಿದ್ದರೋ ಗೊತ್ತಿಲ್ಲ. ಅವನು ಊರವರ ಮುಖ ಕಾಯುತ್ತಿದ್ದ. ಮದುವೆ, ಸುನ್ನತಿ, ಸೈನ್ಯಕ್ಕೆ ಹೊರಟ ಹುಡುಗರು, ಇನ್ನೇನು ಸಾಯುತ್ತಾರೆ ಎನ್ನುವ ಮುದುಕರು. ಯಾರು ಕೂತರೂ ಒಂದೇ ಕೂಗು, "ಅಲುಗಾಡ್ಬೇಡ! ಕಣ್ಣು ಮುಚ್ಬೇಡ!" ಅವನ ಕೂಗಿಗೆ ಹೆದರಿ ಎಲ್ಲರೂ ಕಣ್ಣು ಕಿಸಿದು ಕೂರುತ್ತಿದ್ದರು. ಈ ಊರಿನ ಹಳೆಯ ಫೋಟೋಗಳಲ್ಲಿ ಯಾರನ್ನು ನೋಡಿದರೂ ಈಗಷ್ಟೇ ತೋಳ ಕಂಡವರ ಹಾಗಿರುತ್ತಾರೆ. ಸತ್ತಾಗ ಅದೇ ಫೋಟೋ ಗೋರಿಕಲ್ಲಿನ ಮೇಲೆ ಕೆತ್ತಿಸುತ್ತಾರೆ. ಗುಡ್ಡದ ಮೇಲಿನ ಸ್ಮಶಾನ ಪೂರ್ತಿ ಮುಕಾಶನ ಕೈಕೆಲಸವೇ. ಅಲ್ಲಿ ನಿಂತರೆ ಸತ್ತವರೆಲ್ಲ ಒಟ್ಟಿಗೆ ನಮ್ಮನ್ನು ಗುರಾಯಿಸುತ್ತಾರೆ.

ಫಿಲಂ ತೊಳೆಯುತ್ತಿದ್ದುದು ಮನೆಯ ನೆಲಮಾಳಿಗೆಯಲ್ಲಿ. ಆಲೂಗಡ್ಡೆ, ಜಾಮಿನ ಜಾಡಿ, ಉಪ್ಪು ಹಾಕಿದ ಎಲೆಕೋಸು ಇಡುವ ಜಾಗ. ಅದರ ನಡುವೆ ಅವನ ಚಿತ್ರ ಮೂಡಿಸುವ ಡೆವಲಪರ್ ಪುಡಿ, ಮೂಡಿದ್ದು ಅಳಿಯದಂತೆ ಹಿಡಿದಿಡುವ ಹೈಪೋ ಹರಳು, ಮೂರು ಟ್ರೇ. ಆ ಫಿಲಂಗೆ ಕೆಂಪು ದೀಪವೂ ಆಗದು, ಪೂರಾ ಕತ್ತಲೆಯೇ ಬೇಕು. ಹಾಳೆಯ ಯಾವ ಮಗ್ಗುಲಿಗೆ ಮದ್ದು ಬಳಿದಿದೆ ಎಂದು ಕತ್ತಲಲ್ಲಿ ಕಾಣುವುದಿಲ್ಲವಲ್ಲ, ತುಟಿಗೆ ಮುಟ್ಟಿಸಿ ನೋಡುತ್ತಿದ್ದ. ಅಂಟಿದರೆ ಮದ್ದಿನ ಮಗ್ಗುಲು. "ಹೆಂಡತಿಗಿಂತ ಫಿಲಂಗೆ ಮುತ್ತಿಟ್ಟಿದ್ದೇ ಜಾಸ್ತಿ," ಎಂದು ಕೆಂಜೆ ನೀರಿಗೆ ಹೋದಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಮಾಳಿಗೆಗೆ ನೆಲದಲ್ಲೊಂದು ಹಲಗೆ ಬಾಗಿಲು. ಅವನು ಒಳಗಿದ್ದಾಗ ಯಾರೂ ತೆರೆಯದಂತೆ ಕೆಂಜೆ ಅದರ ಮೇಲೆ ಕೂರಬೇಕು. ಹೊಸದರಲ್ಲಿ ಒಂದು ದಿನ ಹಾಗೆ ಕೂತವಳು ತಡೆಯಲಾರದೆ ಕುದುರೆಯಿಂದ ಶುರು ಮಾಡಿ ಗಂಡನಿಗೆ ಬೈದಳು. ಬೈದು ಸುಸ್ತಾಗಿ, "ಚಹಾ ಆರಿಹೋಯ್ತು, ಮೇಲೆ ಬಾ," ಅಂದಳು. ಆವತ್ತಿನ ಫಿಲಂ ಕನ್ನಡಿ ಹಾಗೆ ಬಂತು. ಮುಂದಿನ ಸಲ ಮುನಿಸಿಕೊಂಡು ಬಾಯಿ ಬಿಗಿದು ಕೂತಳು. ಕೆಳಗೆ ಅವನು ಒಬ್ಬನೇ ಲೆಕ್ಕ ಹಾಕುತ್ತ ಹಾಕುತ್ತ ಏನನ್ನೋ ನೆನೆದು ಲೆಕ್ಕ ಮರೆತ. ಫಿಲಂ ಗಂಜಿಯಾಯಿತು.

ಮೇಲೆ ಬಂದವನು ಕೈ ಮುಗಿದ. "ಅವತ್ತು ಬೈದ್ಯಲ್ಲ, ಹಾಗೇ ಬೈ. ಅಷ್ಟೇ, ಅದೇ ವೇಗದಲ್ಲಿ."

"ಹುಚ್ಚು ಹಿಡೀತಾ?"

"ಕತ್ಲಲ್ಲಿ ಗಡಿಯಾರ ಕಾಣಲ್ಲ ಕಣೇ. ನಿನ್ನ ಬಾಯಿ ಕೇಳುತ್ತೆ."

ಅಲ್ಲಿಂದ ಮುಂದೆ ಅದೇ ಗಡಿಯಾರ. ಮೊದಲು ಕುದುರೆ. ಆಮೇಲೆ ಸೋರುವ ಸೂರು, ಅವನು ಇನ್ನೂ ಹತ್ತಬೇಕಾಗಿದ್ದ ಏಣಿ. ಆಮೇಲೆ ಅವಳಪ್ಪ ಮದುವೆಗೆ ಕೊಟ್ಟ ಕುದುರೆ ಜೀನು, ಅದರ ಚರ್ಮ ಕತ್ತರಿಸಿ ಕ್ಯಾಮೆರಾದ ಮಡಿಕೆಗೆ ತೇಪೆ ಹಾಕಿದ್ದು. ಆಮೇಲೆ ಅವಳಮ್ಮನ ಕಂಬಳಿ, ಅದರ ಮೇಲೆ ಚೆಲ್ಲಿದ ಡೆವಲಪರ್. ಕೊನೆಗೆ ಚಹಾ. ಚಹಾ ಎಂದ ಕೂಡಲೇ ಅವನು ಫಿಲಂ ಎತ್ತುತ್ತಿದ್ದ. ಕೆಳಗಿನಿಂದ ಹಲಗೆಗೆ ಒಂದು ಸಲ ತಟ್ಟುತ್ತಿದ್ದ, ಆಯಿತು ಎಂದು.

ಹೊಸ ಬೈಗುಳ ಸೇರಿಸುವಂತಿರಲಿಲ್ಲ. "ಹೆಚ್ಚಿಗೆ ಹೇಳ್ಬೇಡ, ಕಪ್ಪಾಗ್ತದೆ!" ಎಂದು ಕೂಗುತ್ತಿದ್ದ. ಹೀಗಾಗಿ ಮುಕಾಶ್ ಆಮೇಲೆ ಎಷ್ಟು ಹೊಸ ತಪ್ಪು ಮಾಡಿದರೂ ಬೈಸಿಕೊಂಡಿದ್ದು ಹಳೆಯ ತಪ್ಪಿಗೇ. ಇಂಥ ಅನುಕೂಲ ಇನ್ಯಾವ ಗಂಡನಿಗೆ ಸಿಕ್ಕೀತು?

ಚಳಿಗಾಲದಲ್ಲಿ ಮಾತ್ರ ತೊಂದರೆ. ಚಳಿಗೆ ಡೆವಲಪರ್ ಸೋಮಾರಿಯಾಗುತ್ತದೆ, ಹೊತ್ತು ಹೆಚ್ಚು ಬೇಕು. ಆಗ ಕೆಳಗಿನಿಂದ ದನಿ ಬರುತ್ತಿತ್ತು. "ಚಳಿ ಇದೆ. ಅಕ್ಕನ್ನೂ ಸೇರಿಸು."

ಅಕ್ಕ ಎಂದರೆ ಮುಕಾಶನ ಅಕ್ಕ ಬುರುಲ್. ಪಕ್ಕದ ಮನೆಯಲ್ಲೇ ಇದ್ದವಳು. ಒಂದು ಶರತ್ಕಾಲ ಇವರ ಮಾಳಿಗೆಗಿಳಿದು, ಹೈಪೋ ಹರಳನ್ನು ಉಪ್ಪು ಎಂದುಕೊಂಡು ಪೀಪಾಯಿ ಎಲೆಕೋಸಿಗೆ ಸುರಿದಳು. ಅಷ್ಟೂ ಹಾಳಾದ ಮೇಲೆ ಕೆಂಜೆಗೆ ಉಪ್ಪು ಹಾಕಲು ಬರುವುದಿಲ್ಲ ಎಂದು ಊರೆಲ್ಲ ಹೇಳಿದಳು. ಬೈಯಲು ಸರಕು ಧಾರಾಳವಾಗಿತ್ತು. ಗಂಡನ ಮನೆಯ ಹಿರಿಯರ ಹೆಸರನ್ನು ಸೊಸೆ ಬಾಯಲ್ಲಿ ಹೇಳಬಾರದು, ಅಡ್ಡಹೆಸರು ಇಟ್ಟುಕೊಳ್ಳಬೇಕು. ಅದಕ್ಕೇ ಕೆಂಜೆ ಅವಳನ್ನು 'ಕುದಿಯೋ ಸಮೋವಾರ್' ಅನ್ನುತ್ತಿದ್ದಳು, ಬುಸುಗುಡುತ್ತ ಚಹಾ ನೀರು ಕಾಯಿಸುವ ಹಂಡೆಯ ಹೆಸರು. ಕಂಬಳಿಗೂ ಚಹಾಕ್ಕೂ ನಡುವೆ ಸಮೋವಾರ್. ಚಳಿಗಾಲದ ಫಿಲಂ ಸರಿಯಾಗಿ ಬರುತ್ತಿತ್ತು.

ಇದು ಬುರುಲ್‌ಗೆ ಗೊತ್ತಿರಲಿಲ್ಲ.

ಸತ್ತು ವರ್ಷ ತುಂಬುವಾಗ ದೊಡ್ಡ ಊಟ ಹಾಕಬೇಕು, ಅಷ್ಟರಲ್ಲಿ ಗೋರಿಕಲ್ಲು ನಿಲ್ಲಬೇಕು. ಕಲ್ಲು ಕೆತ್ತುವ ಸಗಿನ್ ಬಲಿಕ್ಚಿಯಲ್ಲಿದ್ದಾನೆ. ಹಿಮ ಕರಗುವ ಮುಂಚೆ ಫೋಟೋ ಕೊಡದಿದ್ದರೆ ಅವನ ಕೈ ಸಿಗುವುದಿಲ್ಲ. ಚಳಿ ಇನ್ನೂ ಬಿಡದ ಒಂದು ಬೆಳಿಗ್ಗೆ ಬುರುಲ್ ಪ್ಲಾಸ್ಟಿಕ್ ಚೀಲ ಹಿಡಿದು ಬಂದಳು. ಬೂಟು ಬಿಚ್ಚುವ ಮುಂಚೆಯೇ ಫೋಟೋ ಹೊರಗೆ ತೆಗೆದಳು.

"ನೋಡು ಹೇಗೆ ಬಂದಿದಾನೆ!"

ಕೆಂಜೆ ನೋಡಿದಳು. ಕಪ್ಪು ಕೋಟು, ಪಟ್ಟೆ ಪಟ್ಟೆ ಟೈ, ಎಮ್ಮೆಯಂಥ ಹೆಗಲು. ಬೆನ್ನ ಹಿಂದೆ ಜಲಪಾತ. ಕೋಟಿನ ಮೇಲೆ ಪಾಸ್‌ಪೋರ್ಟಿನಿಂದ ಕಿತ್ತ ಮುಖ. ಎಡಗಿವಿ ಅರ್ಧ ಜಲಪಾತದಲ್ಲಿ ಕೊಚ್ಚಿಹೋಗಿತ್ತು.

"ಯಾರಿದು ಎಜೆ?" ಗಂಡನ ಅಕ್ಕ ವಯಸ್ಸಿನಲ್ಲಿ ಹಿರಿಯಳು, ಎಜೆ ಎಂದೇ ಕರೆಯಬೇಕು.

"ಯಾರಾ? ನನ್ನ ತಮ್ಮ!"

"ಮುಖ ಅವಂದೇ ಅನ್ನಿ. ಹೆಗಲು ಯಾರದ್ದು?"

"ಅಂಗಡಿಯವರು ಹಾಕಿದ್ದು. ಎಲ್ಲಾರಿಗೂ ಅದೇ ಹಾಕ್ತಾರೆ. ಎಷ್ಟು ಗಂಭೀರ ಕಾಣ್ತದೆ ನೋಡು."

"ಹಾಗಾದ್ರೆ ಕಿಯಾಮತ್ ದಿನ ಅರ್ಧ ಸ್ಮಶಾನ ಒಂದೇ ಕೋಟು ಹಾಕ್ಕೊಂಡು ಎದ್ದು ಬರ್ತದೆ. ದೇವರಿಗೆ ಯಾರು ಯಾರು ಅಂತ ಹೇಗೆ ಗೊತ್ತಾಗ್ಬೇಕು?"

"ಬಾಯಿಗೆ ಬೀಗ ಹಾಕು. ಬೇರೆ ಫೋಟೋ ಇದ್ರೆ ತೋರಿಸು."

ಇರಲಿಲ್ಲ. ಊರೆಲ್ಲರ ಫೋಟೋ ತೆಗೆದವನ ಫೋಟೋ ತೆಗೆಯುವವರು ಯಾರು? ಯಾರದೋ ಮದುವೆಯ ಬಣ್ಣದ ಫೋಟೋದಲ್ಲಿ ಅವನಿದ್ದ. ತಲೆ ಕಪ್ಪು ಬಟ್ಟೆಯೊಳಗೆ, ಕುಂಡಿ ಹೊರಗೆ.

"ಇದನ್ನ ಕೆತ್ತಿಸ್ತೀಯಾ?" ಅಂದಳು ಬುರುಲ್.

"ಒಂದಿದೆ ಎಜೆ. ತೊಳೆದಿಲ್ಲ."

ಆ ಫಿಲಂ ಅವನು ಇಟ್ಟಲ್ಲೇ ಇತ್ತು, ಮರದ ಚೌಕಟ್ಟಿನೊಳಗೆ, ಮಾಳಿಗೆಯಲ್ಲಿ. ಅದನ್ನು ಶಾಲಿನಲ್ಲಿ ಸುತ್ತಿ ಕೆಂಜೆ ಅದೇ ವಾರ ಪಟ್ಟಣದ ಫೋಟೋ ಅಂಗಡಿಗೂ ಹೋಗಿಬಂದಿದ್ದಳು. ಕೌಂಟರಿನವನು ಅದನ್ನು ರೊಟ್ಟಿ ಹಲಗೆ ನೋಡುವ ಹಾಗೆ ನೋಡಿದ. ಇಷ್ಟು ದೊಡ್ಡದು ತೊಳೆಯುವವರು ಈಗ ಯಾರೂ ಇಲ್ಲ ಅಂದ. ಒಳಗೇನಿದೆ ನೋಡೋಣ ಎಂದು ಹಗಲಲ್ಲೇ ಮುಚ್ಚಳ ಎಳೆಯಲು ಹೋದ. ಕೆಂಜೆ ಅವನ ಕೈಗೆ ಒಂದು ಬಿಗಿದು, ವಾಪಸ್ ತಂದಳು.

"ಯಾರು ತೊಳೀತಾರೆ?" ಅಂದಳು ಬುರುಲ್.

"ನಾನು."

"ನಿನಗೆ ಬರಲ್ಲ."

"ಬರಲ್ಲ. ಆದ್ರೆ ಅವನ ಮುಖಕ್ಕೆ ಬೇರೆಯವನ ಹೆಗಲು ಇಟ್ಕೊಂಡು ಗುಡ್ಡದ ಮೇಲೆ ನಿಲ್ಸೋಕೆ ನನಗಾಗಲ್ಲ ಎಜೆ. ನಾನು ಹೋಗಿ ಯಾರ ಮುಂದೆ ಕೂರ್ಲಿ? ಆ ಟೈ ಮುಂದೆನಾ?"

"ಕೆಟ್ಟುಹೋದ್ರೆ?"

"ಕೆಟ್ರೆ ನಿಮ್ಮ ಕೋಟೇ ಕೆತ್ತಿಸಿ. ಜಲಪಾತ ಸೇರಿಸಿ."

ಬುರುಲ್ ಒಪ್ಪಿದಳು. ಕೆಡುವುದನ್ನು ನೋಡಲು ಅಲ್ಲೇ ಉಳಿದಳು.

ಬೆಳಿಗ್ಗೆ ತಂದಿಟ್ಟ ನೀರು ಆಗಲೇ ತಿಳಿಯಾಗಿತ್ತು. ಕೆಂಜೆ ಅದನ್ನು ಉಗುರುಬೆಚ್ಚಗೆ ಮಾಡಿದಳು. ಮೊದಲು ಡೆವಲಪರಿನ ಸಣ್ಣ ಪೊಟ್ಟಣ, ಅದು ಕರಗಿದ ಮೇಲೆ ದೊಡ್ಡದು. ಇದನ್ನು ಅವನು ಹಾಡಿನ ಹಾಗೆ ಹೇಳಿಕೊಂಡು ಕಲಸುತ್ತಿದ್ದ. ಮೂರು ಟ್ರೇಗಳನ್ನು ಆಲೂಗಡ್ಡೆ ಪೆಟ್ಟಿಗೆಗಳ ಮೇಲೆ ಸಾಲಾಗಿ ಇಟ್ಟಳು. ಎಡಕ್ಕೆ ಡೆವಲಪರ್, ನಡುವೆ ಬರೀ ನೀರು, ಬಲಕ್ಕೆ ಹೈಪೋ. ಹೈಪೋ ಹೌದೋ ಉಪ್ಪೋ ಎಂದು ನೆಕ್ಕಿ ನೋಡಿ ಉಗಿದಳು.

"ಎಜೆ, ನೀವು ಹಲಗೆ ಮೇಲೆ ಕೂತ್ಕೊಳ್ಳಿ. ಏನಾದ್ರೂ ಏಳ್ಬೇಡಿ. ನೀವು ಕೂತ್ರೆ ಬೆಳಕಿರ್ಲಿ, ಗಾಳಿನೂ ಬರಲ್ಲ."

"ನನ್ನ ಗಾತ್ರದ ಸುದ್ದಿ ನಿನಗ್ಯಾಕೆ?" ಎನ್ನುತ್ತಲೇ ಬುರುಲ್ ಕೂತಳು. ಹಲಗೆ ಕಿರ್ ಎಂದಿತು. ಕೆಳಗೆ ಕೆಂಜೆ ದೀಪ ಆರಿಸಿದಳು.

ಕತ್ತಲೆ. ಆಲೂಗಡ್ಡೆಯ ವಾಸನೆ, ಹೈಪೋ ವಾಸನೆ. ಮರದ ಮುಚ್ಚಳ ಎಳೆದು ಬೆರಳಿನ ತುದಿಯಲ್ಲಿ ಹಾಳೆ ಹೊರಗೆ ತೆಗೆದಳು. ಯಾವ ಮಗ್ಗುಲು? ತುಟಿಗೆ ಮುಟ್ಟಿಸಿದಳು. ಜಾರಿತು. ತಿರುಗಿಸಿ ಇನ್ನೊಂದು ಮಗ್ಗುಲು ಮುಟ್ಟಿಸಿದಳು. ಅಂಟಿತು. ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ಹಾಳೆಯನ್ನು ಎಡಗಡೆಯ ಟ್ರೇಗೆ ಇಳಿಸಿ ಮೂಲೆ ಹಿಡಿದು ಮೆಲ್ಲಗೆ ತೂಗತೊಡಗಿದಳು. ಇನ್ನು ಬೈಯಬೇಕು. ಬಾಯಿ ಬರಲಿಲ್ಲ. ಅವನು ಸತ್ತ ಮೇಲೆ ಅವನಿಗೆ ಒಂದು ಮಾತೂ ಬೈದಿರಲಿಲ್ಲ. ಸತ್ತವರಿಗೆ ಬೈಯಬಾರದು ಎಂದು ಮುಲ್ಲಾ ಹೇಳಿದ್ದ. ಆ ಮುಲ್ಲಾ ಫಿಲಂ ತೊಳೆದವನಲ್ಲ.

"ಏನಾಯ್ತೇ? ಬದುಕಿದೀಯಾ?" ಎಂದು ಮೇಲಿನಿಂದ ಬುರುಲ್.

ಫಿಲಂ ಆಗಲೇ ಡೆವಲಪರಿನಲ್ಲಿತ್ತು. ಅದು ಯಾರಿಗೂ ಕಾಯುವುದಿಲ್ಲ.

"ನಿಮ್ಮಪ್ಪ," ಅಂದಳು ಕೆಂಜೆ. ಕೆಮ್ಮಿ ಮತ್ತೆ ಶುರು ಮಾಡಿದಳು. "ನಿಮ್ಮಪ್ಪ ಮರಿ ಸಮೇತ ಕುದುರೆ ಮಾರಿ ಮನೆಗೆ ತಂದಿದ್ದೇನು? ಒಂದು ಖಾಲಿ ಪೆಟ್ಟಿಗೆ! ಕುದುರೆ ಆಗಿದ್ರೆ ಹಾಲು ಕೊಡ್ತಿತ್ತು, ಪೆಟ್ಟಿಗೆ ಏನು ಕೊಡ್ತು? ಸೂರು ಸೋರ್ತಿದೆ, ಏಣಿ ನಿಂಗಾಗಿ ಕಾದು ಕಾದು ಗೆದ್ದಲು ಹಿಡೀತು..." ಒಮ್ಮೆ ಶುರುವಾದ ಮೇಲೆ ತಾನಾಗಿ ಹರಿಯಿತು. ಜೀನು ಬಂತು. ಅಮ್ಮನ ಕಂಬಳಿ ಬಂತು. ಟ್ರೇ ತೂಗುವ ಕೈ ಬೈಗುಳದ ತಾಳಕ್ಕೆ ಹೊಂದಿಕೊಂಡಿತು.

ಮೇಲೆ ಬುರುಲ್ ಮೊದಲು ದಂಗಾಗಿ, ಆಮೇಲೆ ಚೆನ್ನಾಗಿದೆ ಎಂದು ಕೇಳುತ್ತ ಕೂತಿದ್ದಳು.

ಕಂಬಳಿ ಮುಗಿಯುವ ಹೊತ್ತಿಗೆ ಕೆಂಜೆಯ ಬೆರಳು ಮರಗಟ್ಟಿದ್ದವು. ಡೆವಲಪರ್ ತಣ್ಣಗಾಗಿತ್ತು. ಇಷ್ಟು ಚಳಿಗೆ ಅಕ್ಕನನ್ನು ಸೇರಿಸದಿದ್ದರೆ ಮುಖ ಮಸುಕಾಗಿ ಬರುತ್ತದೆ. ಸೇರಿಸಿದರೆ ಅಕ್ಕ ತಲೆಯ ಮೇಲೆಯೇ ಕೂತಿದ್ದಾಳೆ. ಅವಳು ಎದ್ದರೆ ಬೆಳಕು ಬಿದ್ದು ಎಲ್ಲ ಮುಗಿಯಿತು. ಮಸುಕು ಮುಖಕ್ಕೂ ಟೈಗೂ ಏನು ವ್ಯತ್ಯಾಸ? ಕೆಂಜೆ ಉಸಿರೆಳೆದುಕೊಂಡಳು.

"ಇನ್ನು ನಿಮ್ಮಕ್ಕ, ಆ ಕುದಿಯೋ ಸಮೋವಾರ್! ಬೆಳಿಗ್ಗೆ ಎದ್ರೆ ಬುಸುಬುಸು, ಸಂಜೆ ಆದ್ರೆ ಬುಸುಬುಸು, ಒಂದು ಲೋಟ ಚಹಾ ಮಾತ್ರ ಯಾರಿಗೂ ಬಗ್ಸಿಲ್ಲ..."

ಬುರುಲ್ ಹಲಗೆಯ ಕಡೆ ಬಗ್ಗಿದಳು. "ಯಾರೇ ಅದು ಸಮೋವಾರ್?"

"ನಡುವೆ ಮಾತಾಡ್ಬೇಡಿ ಎಜೆ, ಕಪ್ಪಾಗ್ತದೆ! ಹೈಪೋಗೂ ಉಪ್ಪಿಗೂ ವ್ಯತ್ಯಾಸ ತಿಳೀದೆ ಒಂದು ಪೀಪಾಯಿ ಎಲೆಕೋಸು ಮಣ್ಣುಪಾಲು ಮಾಡಿ, ಕೆಂಜೆಗೆ ಉಪ್ಪು ಹಾಕೋಕೆ ಬರಲ್ಲ ಅಂತ ಊರೆಲ್ಲ ಸಾರಿ ಬಂದ್ಲು..."

"ನಾನಾ! ನನಗಾ!" ಹಲಗೆ ಕಿರುಗುಟ್ಟಿತು.

"ಏಳ್ಬೇಡಿ! ಎದ್ರೆ ನಿಮ್ಮ ತಮ್ಮ ಹೋದ!"

ಹಲಗೆ ಅಲ್ಲೇ ನಿಂತಿತು. ಬುರುಲ್ ಎದ್ದಿರಲಿಲ್ಲ. ಕೂತಲ್ಲೇ ನೆಲಕ್ಕೆ ಗುದ್ದಿ ಗುದ್ದಿ ಬೈಯತೊಡಗಿದಳು. ಉಪ್ಪಿನ ಡಬ್ಬಕ್ಕೂ ಮದ್ದಿನ ಡಬ್ಬಕ್ಕೂ ಒಂದೇ ಮುಚ್ಚಳ ಹಾಕಿಟ್ಟವಳು ಯಾರು, ಬಂದ ವರ್ಷವೇ ತಮ್ಮನ ಕಿವಿ ಊದಿದವಳು ಯಾರು. ಕೆಳಗಿನವಳೂ ಬಿಡಲಿಲ್ಲ. ಮೇಲೊಬ್ಬಳು ಕೆಳಗೊಬ್ಬಳು ಬೈಯುತ್ತಿದ್ದರು, ನಡುವೆ ಕತ್ತಲಲ್ಲಿ ಮುಕಾಶ್ ತಣ್ಣಗೆ ತೇಲುತ್ತಿದ್ದ. ಬದುಕಿದ್ದಾಗಲೂ ಅವನ ಸ್ಥಿತಿ ಇದೇ.

ಸಮೋವಾರಿನ ಸರಕೂ ಮುಗಿಯಿತು.

"ಚಹಾ ಆರಿಹೋಯ್ತು," ಅಂದಳು ಕೆಂಜೆ. "ಮೇಲೆ ಬಾ."

ಯಾರೂ ಹಲಗೆ ತಟ್ಟಲಿಲ್ಲ. ತಟ್ಟಬೇಕಾದವಳು ಈಗ ತಾನೇ ಎಂದು ನೆನಪಾಯಿತು. ಫಿಲಂ ಎತ್ತಿ ನೀರಿಗೆ ಅದ್ದಿ, ಹೈಪೋಗೆ ಇಳಿಸಿದಳು. ಆಮೇಲೆ ಮುಷ್ಟಿಯಿಂದ ಹಲಗೆಗೆ ಒಂದು ಸಲ ತಟ್ಟಿದಳು.

"ಸತ್ತರೂ ತೆಗೆಯಲ್ಲ," ಅಂದಳು ಬುರುಲ್. ಬಹಳ ಹೊತ್ತು ತೆಗೆಯಲಿಲ್ಲ. ಹೈಪೋಗೆ ಅದು ಒಳ್ಳೆಯದೇ ಆಯಿತು.

ಬೆಳಕಿಗೆ ಹಿಡಿದಾಗ ಹಾಳೆಯ ಮೇಲೆ ಕಪ್ಪು ಟೋಪಿಯ, ಕಪ್ಪು ಮುಖದ, ಬಿಳಿ ಮೀಸೆಯ ಒಬ್ಬ ಮನುಷ್ಯ ಕೂತಿದ್ದ. ಗೆರೆ ಗೆರೆ ಚೂಪಾಗಿತ್ತು. ಎಡಗಿವಿ ಪೂರ್ತಿ ಇತ್ತು. ಎಲ್ಲ ತಿರುಗುಮುರುಗಾಗಿದ್ದರಿಂದ ಅದಕ್ಕಿಂತ ಹೆಚ್ಚು ತಿಳಿಯಲಿಲ್ಲ. ಬಕೆಟ್ಟಿನಲ್ಲಿ ತೊಳೆದು, ಒಲೆಯ ಮೇಲೆ ಒಣಗುತ್ತಿದ್ದ ಮೊಸರಿನ ಉಂಡೆಗಳ ಪಕ್ಕ ಬಟ್ಟೆ ಕ್ಲಿಪ್ಪಿನಲ್ಲಿ ನೇತುಹಾಕಿದಳು. ಬುರುಲ್ ಮಾತು ಬಿಟ್ಟಿದ್ದಳು. ಚಹಾ ಮಾತ್ರ ಬಿಡಲಿಲ್ಲ, ಕುಡಿದೇ ಹೋದಳು.

ಸಗಿನ್‌ನ ಅಂಗಡಿಗೆ ಇಬ್ಬರೂ ಒಂದೇ ವ್ಯಾನಿನಲ್ಲಿ ಹೋದರು, ಒಬ್ಬಳು ಮುಂದಿನ ಸೀಟು, ಒಬ್ಬಳು ಹಿಂದಿನದು. ಬುರುಲ್ ಕೈಯಲ್ಲಿ ಕೋಟಿನ ಫೋಟೋ, ಕೆಂಜೆಯ ಕೈಯಲ್ಲಿ ಹಿಟ್ಟಿನ ಕಾಗದದಲ್ಲಿ ಸುತ್ತಿದ ಹಾಳೆ. ಸಗಿನ್ ಹಾಳೆಯನ್ನು ಕಿಟಕಿಗೆ ಒರಗಿಸಿ ಫೋನಿನಲ್ಲಿ ತೆಗೆದ. ಬೆರಳಿನಲ್ಲಿ ಏನೋ ಒತ್ತಿದ. ಕಪ್ಪು ಬಿಳಿಯಾಯಿತು, ಬಿಳಿ ಕಪ್ಪಾಯಿತು. ಮುಕಾಶ್ ಜೀವಮಾನವಿಡೀ ಮಾಡಿದ್ದನ್ನು ಆ ಫೋನು ಆಕಳಿಸುತ್ತ ಮಾಡಿತು.

ಸಗಿನ್ ಮುಖ ಗಂಟಿಕ್ಕಿದ. "ಚೆಂದ ಬಂದಿದೆ ಅಮ್ಮಾ, ಆದ್ರೆ..."

"ಆದ್ರೆ ಏನು?"

"ಕಣ್ಣು ಮುಚ್ಕೊಂಡಿದಾರೆ."

ಕೆಂಜೆ ಫೋನು ಕಸಿದುಕೊಂಡಳು. ಹೌದು. ಟೋಪಿ ನೆಟ್ಟಗಿತ್ತು. ಕೈ ಮೊಣಕಾಲಿನ ಮೇಲಿತ್ತು. ಮೀಸೆಯ ಕೂದಲು ಎಣಿಸಬಹುದಿತ್ತು. ಊರವರನ್ನೆಲ್ಲ ಗದರಿಸಿ ಗದರಿಸಿ 'ಕಣ್ಣು ಮುಚ್ಬೇಡ' ಎಂದವನು ಎರಡು ಕಣ್ಣನ್ನೂ ಮುಚ್ಚಿ ಆರಾಮವಾಗಿ ಕೂತಿದ್ದ. ಮುಖ ಸ್ವಲ್ಪ ಒಂದು ಕಡೆಗೆ ವಾಲಿತ್ತು, ಜಾಮಿನ ಒಲೆಯ ಕಡೆಗೆ.

"ಚಿಂತೆ ಬೇಡ," ಅಂದ ಸಗಿನ್. "ಕೆತ್ತೋವಾಗ ನಾನು ತೆರೀತೀನಿ. ಎಷ್ಟು ಜನರ ಕಣ್ಣು ತೆರೆದಿಲ್ಲ ನಾನು!"

ಮುಕಾಶ್ ಏಕೆ ಕಣ್ಣು ಮುಚ್ಚಿದ ಎಂದು ಕೆಂಜೆಗೆ ಆಗಲೇ ತಿಳಿದಿತ್ತು. ಕುದುರೆ ಮಾತು ಕಿವಿಗೆ ಬಿದ್ದಿದ್ದೇ ತಡ, ಮಾಳಿಗೆಯಲ್ಲಿ ನಿಂತ ಹಾಗೆ ಕಣ್ಣು ತಾವಾಗಿ ಮುಚ್ಚಿಕೊಂಡಿವೆ. ಅಂಗಳದ ಹಗಲಿನಲ್ಲಿ ಕೂತು ಅವನು ಕತ್ತಲೆಯಲ್ಲಿ ಕೇಳುವ ಹಾಗೆ ಕೇಳುತ್ತಿದ್ದ. ತಾನು ಮುಚ್ಚಿದ್ದು ಅವನಿಗೇ ಗೊತ್ತಿರಲಿಲ್ಲ, ಪೆದ್ದ.

ಕೆಟ್ಟರೆ ಕೋಟು ಎಂದು ಮಾತಾಗಿತ್ತು. ಕಣ್ಣು ಮುಚ್ಚಿದ ಫೋಟೋ ಕೆಟ್ಟಿದ್ದೋ ಅಲ್ಲವೋ ಎನ್ನುವುದು ಈಗ ಬುರುಲ್ ಕೈಯಲ್ಲಿತ್ತು. ಕೆಂಜೆ ಫೋನನ್ನು ಅವಳ ಮುಂದೆ ಹಿಡಿದಳು.

ಬುರುಲ್ ಕನ್ನಡಕ ಹಾಕಿಕೊಂಡಳು. ನೋಡಿದಳು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು.

"ಅಮ್ಮ ಬೈಯೋವಾಗ್ಲೂ ಹೀಗೇ ನಿಲ್ತಿದ್ದ," ಅಂದಳು. ವ್ಯಾನು ಹತ್ತಿದ ಮೇಲೆ ಅವಳು ಆಡಿದ ಮೊದಲ ಮಾತು. "ಕಣ್ಣು ಮುಚ್ಕೊಂಡು. ಅವಳು ನಿಲ್ಲಿಸಿದ್ಮೇಲೆ ಕಣ್ಣು ಬಿಟ್ಟು 'ಆಯ್ತಾ?' ಅಂತಿದ್ದ. ಅದಕ್ಕೆ ಇನ್ನೆರಡು ಬೀಳ್ತಿತ್ತು."

"ಇದರಲ್ಲಿ ಕೇಳ್ತಿರೋದು ಕುದುರೆ ಮಾತು," ಅಂದಳು ಕೆಂಜೆ.

"ನನ್ನದಿಲ್ವಾ?"

"ನಿಮ್ದು ತೊಳೆಯೋವಾಗ."

ಬುರುಲ್ ಫೋನನ್ನು ಹತ್ತಿರ ಹಿಡಿದು ಮೀಸೆ ನೋಡಿದಳು, ಕಿವಿ ನೋಡಿದಳು. "ಚೆನ್ನಾಗಿ ಗಟ್ಟಿಯಾಗಿ ಮೂಡಿದಾನೆ," ಅಂದಳು. ಸಗಿನ್ ಕಡೆ ತಿರುಗಿದಳು. "ನಾನಿಲ್ದೆ ಹೋಗಿದ್ರೆ ಮಸುಕಾಗ್ತಿದ್ದ, ಗೊತ್ತಾ? ಇದರಲ್ಲಿ ನನ್ನ ಪಾಲೂ ಇದೆ." ಕೋಟಿನ ಫೋಟೋವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

"ಹಾಗಾದ್ರೆ ಕಣ್ಣು ತೆರೀಲಾ?" ಎಂದ ಸಗಿನ್.

"ಮುಟ್ಟಿದ್ರೆ ನಿನ್ನ ಉಳಿ ಮುರೀತೀನಿ," ಅಂದಳು ಕೆಂಜೆ.

"ನಾನು ಕೈ ಮುರೀತೀನಿ," ಅಂದಳು ಬುರುಲ್.

ವರ್ಷದ ಊಟಕ್ಕೆ ಸುತ್ತಲಿನ ಊರವರೆಲ್ಲ ಬಂದರು. ತಿಂದರು, ಗುಡ್ಡ ಹತ್ತಿದರು. ಅಲ್ಲಿ ಇಡೀ ಸ್ಮಶಾನ ಕಣ್ಣು ಕಿಸಿದು ನೋಡುತ್ತಿತ್ತು. ನಡುವೆ ಒಬ್ಬ ಮಾತ್ರ ಕಣ್ಣು ಮುಚ್ಚಿದ್ದ.

"ನಮ್ಮನ್ನೆಲ್ಲ ಎಬ್ಬಿಸಿ ಕೂರಿಸಿ ತಾನು ನಿದ್ದೆ ಹೊಡೀತಿದಾನೆ ನೋಡಿ," ಎಂದು ಡೇರಿಯ ಮುದುಕನೊಬ್ಬ ನಕ್ಕ. "ಕಾವಲುಗಾರ ಆಗಿದ್ದಾಗ್ಲೂ ಹೀಗೇ."

ಕಲ್ಲಿನ ಮೇಲೆ ಮುಖ ಕೆತ್ತಿಸುವುದೇ ತಪ್ಪು, ಕಣ್ಣು ಮುಚ್ಚಿದ್ದರೆ ಸ್ವಲ್ಪ ಕಡಿಮೆ ತಪ್ಪು ಎಂದು ಮುಲ್ಲಾ ಹೇಳಿದ. ಅವನಿಗೆ ಊಟದಲ್ಲಿ ಮರ್ಯಾದೆಯ ಪಾಲು, ಕುರಿಯ ತಲೆ, ಕೊಟ್ಟಿದ್ದರು. ಒಳ್ಳೆಯ ಮಾತು ಬರಲೇಬೇಕು.

ಕೆಂಜೆ ಕಲ್ಲಿನ ಎದುರು ಕೂತಳು. ಸುತ್ತ ಬಹಳ ಜನರಿದ್ದರು, ಹೇಳಬೇಕಾದ ಮಾತು ಅವರ ಮುಂದೆ ಹೇಳುವಂಥದ್ದಾಗಿರಲಿಲ್ಲ.

ಕ್ಯಾಮೆರಾ ಈಗ ಕುದುರೆ ಗೂಟದ ಪಕ್ಕ ನಿಂತಿದೆ, ಮೇಲೊಂದು ಗೋಣಿ. ಫಿಲಂ ಡಬ್ಬ ಖಾಲಿ, ಅದರಲ್ಲಿ ಗುಂಡಿ, ಸೂಜಿ ಇದೆ. ಏಣಿಗೆ ಹಿಡಿದ ಗೆದ್ದಲು ಹಾಗೇ ಇದೆ.

ಬೆಳಿಗ್ಗೆ, ಬುರುಲ್ ಹಸುಗಳನ್ನು ಬಿಡುವ ಮುಂಚೆ, ಕೆಂಜೆ ಬಕೆಟ್ ಹಿಡಿದು ಕಾಲುವೆಗೆ ಹೋಗುತ್ತಾಳೆ. ಮೇಲಿನ ಕಸ ಕೈಯಿಂದ ಸರಿಸಿ ಮುಳುಗಿಸುತ್ತಾಳೆ. ಬಾಗಿಲ ಮೂಲೆಯಲ್ಲಿಟ್ಟು, ಧೂಳು ಬೀಳದಂತೆ ಎಡಗಡೆಯ ಟ್ರೇಯನ್ನು ಮೇಲೆ ಮುಚ್ಚುತ್ತಾಳೆ. "ನೀರು ಬಂತು," ಅನ್ನುತ್ತಾಳೆ. ಕೆಸರು ತಳ ಸೇರುವವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ, ಬುರುಲ್ ಕೂಡ.